ಮೈನಸ್ ಏಳರ ಮೂರು ದಿನ

ಲೋಕಾಪುರದ ಕಲ್ಲುಗಳ ಡೇಟಾ ಬಂದದ್ದು ಒಂದು ಶುಕ್ರವಾರ ಸಂಜೆ. ಬಾಗಲಕೋಟೆಯ ನಮ್ಮ ಪ್ರಯೋಗಾಲಯದಲ್ಲಿ ಆಗ ನಾನೊಬ್ಬನೇ ಇದ್ದೆ. ಒಂದು ಮಾನಕಕ್ಕೆ ಹೋಲಿಸಿದರೆ ಕಲ್ಲಿನಲ್ಲಿ ಭಾರದ ಇಂಗಾಲ ಸಾವಿರಕ್ಕೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಹೇಳುವ ಸಂಖ್ಯೆಗಳವು. 42 ಮಾದರಿಗಳಲ್ಲಿ 37 ಸೊನ್ನೆಯ ಆಚೀಚೆ ಸುಮ್ಮನೆ ಕುಳಿತಿದ್ದವು. ನಡುವೆ ಸಾಲಾಗಿ ಐದು ಮಾತ್ರ ದಬಕ್ಕನೆ ಮೈನಸ್ 7ರ ಹತ್ತಿರ ಬಿದ್ದಿದ್ದವು.

ನಮ್ಮ ಕಸುಬಿನಲ್ಲಿ ಇದು ನಿದ್ದೆ ಕೆಡಿಸುವ ಸಂಖ್ಯೆ. ಕಡಲಿನ ಪಾಚಿ ಹಗುರವಾದ ಇಂಗಾಲ-12 ಅನ್ನು ಆರಿಸಿ ತಿನ್ನುತ್ತದೆ. ಸತ್ತ ಪಾಚಿ ಕೆಸರಿನಲ್ಲಿ ಹೂತುಹೋದಷ್ಟೂ ನೀರಿನಲ್ಲಿ ಭಾರದ ಇಂಗಾಲ-13ರ ಪಾಲು ಏರುತ್ತದೆ, ಆ ನೀರಿನಿಂದ ಇಳಿಯುವ ಸುಣ್ಣ ಅದನ್ನೇ ಹೊತ್ತು ಕಲ್ಲಾಗುತ್ತದೆ. ಕಲ್ಲಿನಲ್ಲಿ ಸಂಖ್ಯೆ ಕುಸಿದರೆ ಕಡಲಿನಲ್ಲಿ ಏನೋ ಎಡವಟ್ಟಾಗಿತ್ತು ಎಂದು ಅರ್ಥ. ಒಮಾನಿನ ಶುರಾಮ್ ಶಿಲೆಗಳಲ್ಲಿ ಅದು ಮೈನಸ್ 12ರವರೆಗೆ ಇಳಿದಿದೆ, ಸುಮಾರು 57 ಕೋಟಿ ವರ್ಷಗಳ ಹಿಂದೆ. ಲೋಕಾಪುರದ ಕಲ್ಲುಗಳೂ ಸೇರುವ ನಮ್ಮ ಕಲಾದಗಿ ಶಿಲಾಸ್ತರಗಳು ಅದಕ್ಕಿಂತ ಎಷ್ಟೋ ಹಳೆಯವು, ನೂರು ಕೋಟಿ ವರ್ಷ ದಾಟಿದವು. ಅವು ಸೇರುವ ಕಾಲವನ್ನು ಭೂವಿಜ್ಞಾನಿಗಳು 'ನೀರಸ ನೂರು ಕೋಟಿ' ಎಂದು ಹಂಗಿಸುತ್ತಾರೆ, ಏಕೆಂದರೆ ಇಂಗಾಲದ ಗೆರೆ ಆಗ ಹೆಚ್ಚು ಅಲುಗುವುದಿಲ್ಲ. ಆ ನೀರಸ ಕಾಲದ ನೆತ್ತಿಯ ಮೇಲೆ ನಾನು ಕಲ್ಲು ಹಾಕಿದ್ದೇನೆ ಎಂದುಕೊಂಡೆ. ರಾತ್ರಿ ರೊಟ್ಟಿ ತಿನ್ನುತ್ತಾ ಮನೆಯವಳಿಗೂ ಹೇಳಿದೆ. "ಸಂಬಳ ಹೆಚ್ಚಾಗುತ್ತದೆಯೇ?" ಎಂದು ಕೇಳಿದಳು.

ಶನಿವಾರ, ಭಾನುವಾರ ಗ್ರಾಫ್ ತಿದ್ದುವುದರಲ್ಲೇ ಹೋದವು. ಆ ಐದು ಬಿಂದುಗಳಿಗೆ ಕೆಂಪು ಬಣ್ಣ ಕೊಟ್ಟೆ. ಇಂಗಾಲದ ಜೊತೆಗೇ ಯಂತ್ರ ಅಳೆದು ಕೊಡುವ ಆಕ್ಸಿಜನ್ ಸಂಖ್ಯೆಗಳ ಕಾಲಂ ಜಾಗ ತಿನ್ನುತ್ತದೆ ಎಂದು ಮರೆಮಾಡಿದೆ. ಜಾಗದ ನೆಪ ಸುಳ್ಳು. ಅದೇ ಐದು ಸಾಲುಗಳಲ್ಲಿ ಆಕ್ಸಿಜನ್ ಕೂಡ ಮೈನಸ್ 11 ದಾಟಿದ್ದನ್ನು ನಾನು ನೋಡಿದ್ದೆ, ನೋಡಿಯೂ ಮುಂದಕ್ಕೆ ಸರಿದಿದ್ದೆ. ಯಂತ್ರಕ್ಕೆ ಎಷ್ಟು ಅನಿಲ ಸಿಕ್ಕಿತು ಎಂದು ತೋರಿಸುವ ಪೀಕ್ ಎತ್ತರ ಅರ್ಧಕ್ಕೆ ಇಳಿದದ್ದೂ ಕಣ್ಣಿಗೆ ಬಿದ್ದಿತ್ತು. ಯಂತ್ರದ ಮೂಡು ಎಂದು ಸಮಾಧಾನ ಮಾಡಿಕೊಂಡೆ.

ಸೋಮವಾರದ ಮೀಟಿಂಗ್‌ನಲ್ಲಿ ಸರ್ ಗ್ರಾಫನ್ನು ಬಹಳ ಹೊತ್ತು ನೋಡಿದರು. ನಾನು ಹೊಗಳಿಕೆಗೆ ಮುಖ ಸಿದ್ಧ ಮಾಡಿಕೊಂಡು ನಿಂತಿದ್ದೆ.

"ಆಕ್ಸಿಜನ್ ಎಲ್ಲಿ?"

ಕಾಲಂ ತೆರೆದೆ. ಅವರು ಏನೂ ಹೇಳಲಿಲ್ಲ. ಫ್ಯಾನಿನ ಕಿರ್ರ್ ಸದ್ದು ಮಾತ್ರ ಕೇಳುತ್ತಿತ್ತು.

"24ನೇ ಸ್ಲ್ಯಾಬ್ ತನ್ನಿ. ಆಸಿಡ್ ಬಾಟಲಿಯನ್ನೂ ತನ್ನಿ."

ಸ್ಟೋರಿನಲ್ಲಿ ಟ್ರೇ ಹುಡುಕಲು ನನಗೆ ಹತ್ತು ನಿಮಿಷ ಹಿಡಿಯಿತು. ಅದರಲ್ಲಿ ಐದು ನಿಮಿಷ ನಾನು ಟ್ರೇ ಮುಂದೆಯೇ ನಿಂತಿದ್ದೆ, ಹುಡುಕುತ್ತಿರಲಿಲ್ಲ. ಸ್ಲ್ಯಾಬ್ ಕೈಗೆ ಬಂದ ಕ್ಷಣವೇ ಕಂಡಿತ್ತು: ಬೂದು ಕಲ್ಲಿನ ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳು, ಅವುಗಳ ಮೇಲೆಯೇ ನನ್ನ ಡ್ರಿಲ್ಲಿನ ಗುಂಡಿ. ನಾನು ಬಳಸಿದ್ದು 3 ಮಿಲಿಮೀಟರ್ ಬಿಟ್. ಸಣ್ಣ ಬಿಟ್‌ಗಳು ಮುರಿದು ತಿಂಗಳಾಗಿತ್ತು, ಹೊಸದಕ್ಕೆ ಕಳುಹಿಸಿದ ಫೈಲ್ ಇನ್ನೂ ಮೂರನೇ ಮೇಜಿನಲ್ಲೇ ಮಲಗಿತ್ತು. ಯಂತ್ರದಲ್ಲಿ ನಮಗೆ ಸಿಕ್ಕಿದ್ದ ಸ್ಲಾಟ್ ಕೈತಪ್ಪಿದರೆ ಮತ್ತೆ ಎರಡು ತಿಂಗಳು ಕಾಯಬೇಕಾಗಿತ್ತು. ಅದಕ್ಕೇ ಇದ್ದದ್ದರಲ್ಲಿ ಕೆಲಸ ಮುಗಿಸಿದ್ದೆ.

ಸರ್ ಡ್ರಾಪರನ್ನು ನನ್ನ ಕೈಗೇ ಕೊಟ್ಟರು. ಬೂದು ಭಾಗದ ಮೇಲೆ ಒಂದು ಹನಿ ಬಿಟ್ಟೆ. ಹನಿ ಗುಂಡಗೆ ಕುಳಿತಿತು, ಅಲುಗಲಿಲ್ಲ. ಬಿಳಿ ಗೆರೆಯ ಮೇಲೆ ಇನ್ನೊಂದು ಹನಿ. ಹನಿ ಮುಟ್ಟಿದ ತಕ್ಷಣ ಚುರ್ ಎಂದು ನೊರೆಯೆದ್ದಿತು, ಗೆರೆ ಹೋದ ದಾರಿಯಲ್ಲೇ ಇರುವೆಯ ಸಾಲಿನಂತೆ ಗುಳ್ಳೆ ಓಡಿತು. ಕಲ್ಲು ಡೋಲೊಮೈಟ್, ಅಂದರೆ ಮೆಗ್ನೀಸಿಯಂ ಬೆರೆತ ಸುಣ್ಣದ ಖನಿಜ; ಗೆರೆ ಕ್ಯಾಲ್ಸೈಟ್, ಬರೀ ಸುಣ್ಣದ ಖನಿಜ. ಕಲ್ಲು ಹುಟ್ಟಿ ಎಷ್ಟೋ ಕಾಲದ ಮೇಲೆ ಬಿರುಕಿನಲ್ಲಿ ಹರಿದ ನೀರು ಬಿಟ್ಟುಹೋದ ಸುಣ್ಣ ಅದು. ಮೇಲಿನ ಮಣ್ಣಿನಲ್ಲಿ ಕೊಳೆತ ಗಿಡಗಳ ಹಗುರ ಇಂಗಾಲ ಅಂಥ ನೀರಿನ ಜೊತೆ ಕೆಳಗಿಳಿಯುತ್ತದೆ. ನಾನು ಅಳೆದದ್ದು ಪುರಾತನ ಕಡಲನ್ನಲ್ಲ, ಯಾವುದೋ ಬಿರುಕಿನ ನೀರನ್ನು. ಇಂಗಾಲದ ಜೊತೆ ಆಕ್ಸಿಜನ್ ಕೂಡ ಕುಸಿದದ್ದು ಅದರದೇ ಗುರುತು.

"ಫಾರಂನಲ್ಲಿ ಖನಿಜ ಏನೆಂದು ಬರೆದಿದ್ದೀರಿ?" ಎಂದು ಕೇಳಿದರು. ಕ್ಯಾಲ್ಸೈಟ್ ಎಂದು ಬರೆದಿದ್ದೆ. ಫೀಲ್ಡ್ ನೋಟ್‌ಬುಕ್ಕಿನಲ್ಲಿ ಸುಣ್ಣದ ಕಲ್ಲು ಎಂದಿತ್ತು, ಅದನ್ನೇ ನಕಲು ಮಾಡಿದ್ದೆ. ಹೀಗಾಗಿ ಕಲ್ಲಿನ ಪುಡಿಯನ್ನು ಕರಗಿಸಿ ಅನಿಲ ಬಿಡಿಸುವ ಫಾಸ್ಫಾರಿಕ್ ಆಮ್ಲಕ್ಕೆ ಕೊಟ್ಟ ಸಮಯವೂ ಕ್ಯಾಲ್ಸೈಟಿನದ್ದೇ. ಡೋಲೊಮೈಟ್ ನಿಧಾನವಾಗಿ ಕರಗುತ್ತದೆ. ಅದು ಬಾಯಿ ಬಿಡುವಷ್ಟರಲ್ಲಿ ಗೆರೆಯ ಅನಿಲ ಯಂತ್ರದೊಳಗೆ ಹೋಗಿತ್ತು. ಪೀಕ್ ಕುಳ್ಳಗಾದದ್ದು ಯಂತ್ರದ ಮೂಡಿನಿಂದಲ್ಲ, ಪುಡಿಯ ಬಹುಪಾಲು ಪ್ರತಿಕ್ರಿಯಿಸದೆ ತಳದಲ್ಲಿ ಉಳಿದದ್ದರಿಂದ.

ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಲಿಜರಿನ್ ಬಳಿದು ನೋಡಲಿಲ್ಲವೇ?" ಎಂದಷ್ಟೇ ಕೇಳಿದರು. ಬಳಿದಿದ್ದರೆ ಕ್ಯಾಲ್ಸೈಟ್ ಗೆರೆ ಕೆಂಪಾಗಿ ಎದ್ದು ಕಾಣುತ್ತಿತ್ತು, ಡೋಲೊಮೈಟ್ ಹಾಗೆಯೇ ಉಳಿಯುತ್ತಿತ್ತು. ಬಣ್ಣ ಮುಗಿದಿತ್ತು ಎಂದೆ. ಅದು ನಿಜ. ಆದರೆ ಬಣ್ಣ ಇಲ್ಲದ ದಿನ ಒಂದು ಹನಿ ಆಸಿಡ್ ಇತ್ತು, ಅದೂ ಇಲ್ಲದಿದ್ದರೆ ಕಣ್ಣಿತ್ತು.

ಮುಂದಿನ ವಾರ ಆ ಐದೂ ಸ್ಲ್ಯಾಬ್‌ಗಳನ್ನು ಮತ್ತೆ ಕೊರೆದೆ, ಗೆರೆಗಳಿಂದ ದೂರ, ಪಕ್ಕದ ಕಾಲೇಜಿನಿಂದ ಕಡ ತಂದ ಸಣ್ಣ ಬಿಟ್‌ನಲ್ಲಿ. ಫಾರಂನಲ್ಲಿ ಡೋಲೊಮೈಟ್ ಎಂದು ಬರೆದೆ. ಬಂದ ಸಂಖ್ಯೆಗಳು: 0.3, 0.6, ಸೊನ್ನೆ, 0.4, ಮೈನಸ್ 0.2. ನೀರಸ ನೂರು ಕೋಟಿ ತನ್ನ ಪಾಡಿಗೆ ನೀರಸವಾಗಿಯೇ ಇತ್ತು. ಮನೆಯಲ್ಲಿ ಈ ಸುದ್ದಿ ಹೇಳಲಿಲ್ಲ.

ಅಲಿಜರಿನ್ ಬಂದದ್ದು ಅದಾದ ಮೇಲೆ, ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ ಒಂದು ಬಾಟಲಿ. ಬಿಲ್ಲಿಗೆ ಸಹಿ ಹಾಕಿಸಲು ಹೋದಾಗ ಲೆಕ್ಕಪತ್ರ ವಿಭಾಗದವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇಷ್ಟು ಸಣ್ಣ ಬಾಟಲಿಗೆ ನಾಲ್ಕು ಸಲ ನೆನಪೋಲೆ ಬರೆದಿದ್ದೀರಲ್ಲ?" ಎಂದರು.