ಫ್ರೀಯಾಗಿ ಕೊಡ್ತಾರಂತೆ, ಹಾಗಾದ್ರೆ ಅವರ ಹೊಟ್ಟೆಪಾಡು?

ಸಾಫ್ಟ್‌ವೇರ್ ಕೆಲಸ, ಅದರಲ್ಲಿ ಸ್ವಲ್ಪ ಓಪನ್ ಸೋರ್ಸ್ ಕೆಲಸವೂ ಇದೆ ಎಂದರೆ ಸಾಕು, ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತ ಮಾವ ಕೇಳುತ್ತಾರೆ. ಬ್ಯಾಂಕಿನಲ್ಲಿರುವ ಗೆಳೆಯ ಕೇಳುತ್ತಾನೆ. ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗರು ಮೆಸೇಜ್ ಮಾಡಿ ಕೇಳುತ್ತಾರೆ. "ಅಲ್ಲಪ್ಪಾ, ಬರೆದಿದ್ದನ್ನೆಲ್ಲ ಫ್ರೀಯಾಗಿ ಕೊಟ್ಟುಬಿಟ್ಟರೆ ಬರೆಯೋರ ಹೊಟ್ಟೆಪಾಡು ಹೇಗೆ? ದುಡ್ಡು ಯಾರು ಕೊಡ್ತಾರೆ?"

ಚಿಕ್ಕ ಉತ್ತರ ಇಷ್ಟು: ಜಾಸ್ತಿ ಪಾಲು ಕಂಪನಿಗಳು ಕೊಡುತ್ತವೆ, ಸಂಬಳದ ಲೆಕ್ಕದಲ್ಲಿ. ಉಳಿದದ್ದಕ್ಕೆ ಯಾರೂ ಕೊಡುವುದಿಲ್ಲ. ಆ ಉಳಿದ ಭಾಗದಲ್ಲೇ ತಲೆನೋವಿರುವುದು. ಇಷ್ಟುದ್ದ ಬರೆಯುತ್ತಿರುವುದೂ ಅದಕ್ಕೇ.

ಓಪನ್ ಸೋರ್ಸ್ ಅಂದರೆ, ಪ್ರೋಗ್ರಾಮಿನ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು. ದುಡ್ಡು ತಗೋಬಾರದು ಅಂತ ಎಲ್ಲೂ ಇಲ್ಲ. ಆದರೆ ಅದನ್ನೇ ಇನ್ನೊಬ್ಬರು ಪುಕ್ಕಟೆ ಹಂಚಬಹುದಲ್ಲ, ಹಾಗಾಗಿ ಬೆಲೆ ಚೀಟಿ ಅಂಟಿಸಿ ಮಾರುವುದು ಕಷ್ಟ.

"ನಾನು ಅದನ್ನೆಲ್ಲ ಬಳಸಲ್ಲ" ಎನ್ನುವವರೂ ಇದ್ದಾರೆ. ಬಳಸುತ್ತೀರಿ ಸ್ವಾಮಿ. ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್, ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರ್. ಫ್ಯಾಮಿಲಿ ಗ್ರೂಪಿಗೆ ಬರುವ ಗುಡ್ ಮಾರ್ನಿಂಗ್‌ಗಳನ್ನೆಲ್ಲ ವಾಟ್ಸಾಪ್ ಕೂಡಿಡುವುದು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ. ಈ ಬರಹವನ್ನು ಆಂಡ್ರಾಯ್ಡ್ ಫೋನಿನಲ್ಲೋ, ಕಂಪ್ಯೂಟರಿನ ಕ್ರೋಮ್, ಫೈರ್‌ಫಾಕ್ಸ್‌ನಲ್ಲೋ ಓದುತ್ತಿದ್ದರೆ, ಒತ್ತಕ್ಷರವನ್ನು ಸರಿಯಾಗಿ ಕೆಳಗೆ ಕೂರಿಸುತ್ತಿರುವುದು, ಅರ್ಕಾವೊತ್ತನ್ನು ಬಲಕ್ಕೆ ತಂದು ನಿಲ್ಲಿಸುತ್ತಿರುವುದು ಹಾರ್ಫ್‌ಬಜ್ ಎಂಬ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳು ಎತ್ತಿ ಬಳಸಿಕೊಳ್ಳುವ ಸಿದ್ಧ ಕೋಡ್. ಅದನ್ನು ಬೆಳೆಸಿದವರು ಬೆಹದಾದ್ ಎಸ್ಫಾಬೋದ್. ಮೊದಲು ರೆಡ್ ಹ್ಯಾಟ್ ಎಂಬ ಕಂಪನಿಯಲ್ಲಿ, ಆಮೇಲೆ ಗೂಗಲ್‌ನಲ್ಲಿ ಸಂಬಳಕ್ಕಿದ್ದವರು.

ಹೀಗೆ ಸಂಬಳದ ಮೇಲೆ ಬರೆಯುವವರೇ ಜಾಸ್ತಿ. ಲಿನಕ್ಸ್ ಶುರುವಾದದ್ದೇನೋ 1991ರಲ್ಲಿ, ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿಯ ಹವ್ಯಾಸವಾಗಿ. ಲಿನಸ್ ಟೊರ್ವಾಲ್ಡ್ಸ್ ಹೆಸರು ನೀವೂ ಕೇಳಿರಬಹುದು. ಇವತ್ತು ಅದರೊಳಗೆ ಬರುವ ಬದಲಾವಣೆಗಳಲ್ಲಿ ಬಹುಪಾಲು ಇಂಟೆಲ್, ರೆಡ್ ಹ್ಯಾಟ್, ಗೂಗಲ್‌ನಂಥ ಕಂಪನಿಗಳ ಇಂಜಿನಿಯರುಗಳದ್ದು. ಯಾಕೆ ಕೊಡುತ್ತಾರೆ? ದಾನಧರ್ಮಕ್ಕಲ್ಲ. ಚಿಪ್ ಮಾಡುವವರಿಗೆ ತಮ್ಮ ಚಿಪ್ ಲಿನಕ್ಸ್‌ನಲ್ಲಿ ಓಡಬೇಕು. ಕ್ಲೌಡ್ ನಡೆಸುವವರಿಗೆ ಸಾವಿರಾರು ಯಂತ್ರಗಳ ಮೇಲೆ ಹಾಕಲು ಒಂದು ಗಟ್ಟಿ ಸಿಸ್ಟಮ್ ಬೇಕು. ಅದನ್ನು ಒಬ್ಬೊಬ್ಬರೇ ಬರೆಯಲು ಹೊರಟರೆ ಯಾರ ಖಜಾನೆಯೂ ಸಾಲದು. ಅದಕ್ಕೆ ಒಟ್ಟಿಗೆ ಬರೆಯುತ್ತಾರೆ, ಬೇರೆ ಕಡೆ ಜಗಳವಾಡುತ್ತಾರೆ. ರೆಡ್ ಹ್ಯಾಟ್ ಅಂತೂ ಇಂಥ ಸಾಫ್ಟ್‌ವೇರಿಗೆ ಸಪೋರ್ಟ್ ಮಾರಿಯೇ ದೊಡ್ಡದಾದ ಕಂಪನಿ. 2019ರಲ್ಲಿ ಐಬಿಎಂ ಅದಕ್ಕೆ ಕೊಟ್ಟ ಬೆಲೆ 3,400 ಕೋಟಿ ಡಾಲರ್. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಆದಾಯದಲ್ಲಿ ದೊಡ್ಡ ಪಾಲು ಬರುವುದು ಗೂಗಲ್‌ನಿಂದ. ಬ್ರೌಸರಿನಲ್ಲಿ ಗೂಗಲ್ ಸರ್ಚನ್ನು ಮೊದಲ ಆಯ್ಕೆಯಾಗಿ ಇಟ್ಟಿದ್ದಕ್ಕೆ ಕೊಡುವ ದುಡ್ಡು ಅದು. ಕ್ರೋಮ್ ಮಾಡುವ ಪ್ರತಿಸ್ಪರ್ಧಿಯ ದುಡ್ಡಿನಲ್ಲೇ ಸ್ಪರ್ಧೆ! ನನಗೆ ಇದು ಯಾವತ್ತೂ ಸರಿ ಅನ್ನಿಸಿಲ್ಲ, ಬೇರೆ ದಾರಿಯೂ ಕಂಡಿಲ್ಲ.

ನನಗೆ ತುಂಬ ಇಷ್ಟವಾದ ಏರ್ಪಾಡು ಎಸ್‌ಕ್ಯೂಲೈಟ್‌ನದ್ದು. ರಿಚರ್ಡ್ ಹಿಪ್ 2000ದಲ್ಲಿ ಶುರು ಮಾಡಿದ್ದು. ಹಕ್ಕು ಸ್ವಾಮ್ಯವನ್ನೇ ಬಿಟ್ಟುಕೊಟ್ಟಿದ್ದಾರೆ, ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು. ಆದರೆ ಅದನ್ನು ನಂಬಿಕೊಂಡ ದೊಡ್ಡ ಕಂಪನಿಗಳು ಸೇರಿ ವರ್ಷ ವರ್ಷ ದುಡ್ಡು ಕಟ್ಟುತ್ತವೆ. ಸಣ್ಣ ತಂಡ ಹಾಯಾಗಿ ಕೆಲಸ ಮಾಡಿಕೊಂಡಿದೆ. 2050ರವರೆಗೆ ನೋಡಿಕೊಳ್ಳುವ ಯೋಜನೆ ಇದೆ ಎಂದು ತಮ್ಮ ತಾಣದಲ್ಲೇ ಬರೆದಿದ್ದಾರೆ. ನಾವು ದುಡ್ಡು ಕೊಟ್ಟು ಕೊಂಡ ಎಷ್ಟು ಆ್ಯಪ್‌ಗಳು ಐದು ವರ್ಷ ಬಾಳಿವೆ ಹೇಳಿ?

ಇಲ್ಲಿಗೆ ನಿಲ್ಲಿಸಿದರೆ ಮಾವನಿಗೂ ಸಮಾಧಾನ, ನನಗೂ ಊಟ ಮುಗಿಯುತ್ತದೆ. ಆದರೆ ಅದು ಅರ್ಧ ಕಥೆ.

ಬ್ಯಾಂಕಿನ ತಾಣಕ್ಕೆ ಹೋದಾಗ ನಿಮ್ಮ ಪಾಸ್‌ವರ್ಡ್ ದಾರಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಗುಟ್ಟಾಗಿ ಸಾಗಿಸುವ ಕೋಡ್ ಒಂದಿರುತ್ತದೆ. ಎಷ್ಟೋ ಸರ್ವರುಗಳಲ್ಲಿ ಆ ಕೆಲಸ ಮಾಡುವುದು ಓಪನ್‌ಎಸ್‌ಎಸ್‌ಎಲ್. 2014ರ ಏಪ್ರಿಲ್‌ನಲ್ಲಿ ಅದರಲ್ಲೊಂದು ತೂತು ಸಿಕ್ಕಿತು. ಹಾರ್ಟ್‌ಬ್ಲೀಡ್ ಎಂದು ಹೆಸರಾಯಿತು. ಸರ್ವರಿನ ನೆನಪಿನೊಳಗಿದ್ದುದನ್ನು ಹೊರಗಿನಿಂದಲೇ ಇಣುಕಿ ನೋಡಬಹುದಾದ ತೂತು, ಎರಡು ವರ್ಷದಿಂದ ಅಲ್ಲೇ ಇತ್ತು. ಇಷ್ಟು ದೊಡ್ಡ ಕೋಡನ್ನು ನೋಡಿಕೊಳ್ಳುವವರು ಯಾರು ಎಂದು ಆಗ ಎಲ್ಲರೂ ತಿರುಗಿ ನೋಡಿದರು. ಪೂರ್ತಿ ಹೊತ್ತು ಅದಕ್ಕೇ ದುಡಿಯುತ್ತಿದ್ದವರು ಒಬ್ಬರು. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಬೆಂಗಳೂರಿನಲ್ಲಿ ಫ್ರೆಶರ್ ಆಗಿ ಸೇರಿದ ಹುಡುಗನ ಸಂಬಳ ಅದಕ್ಕಿಂತ ಜಾಸ್ತಿ. ಮಾನ ಹೋದ ಮೇಲೆ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ದುಡ್ಡು ಹಾಕಿದವು, ಓಪನ್‌ಎಸ್‌ಎಸ್‌ಎಲ್ ಈಗ ಎಷ್ಟೋ ಸುಧಾರಿಸಿದೆ.

ಬುದ್ಧಿ ಬಂತು ಅಂದುಕೊಂಡಿರಾ? ಹತ್ತು ವರ್ಷ ಬಿಟ್ಟು, 2024ರಲ್ಲಿ ಎಕ್ಸ್‌ಝೆಡ್ ಪ್ರಕರಣ ಬಂತು. ಎಕ್ಸ್‌ಝೆಡ್ ಎನ್ನುವುದು ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಸಾಧನ. ಲಿನಕ್ಸ್ ಯಂತ್ರಗಳಲ್ಲಿ ಎಲ್ಲ ಕಡೆ ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸ್ಸೆ ಕಾಲಿನ್, ಫಿನ್‌ಲ್ಯಾಂಡಿನವರು. ಸಂಬಳ ಇಲ್ಲ. 2022ರಲ್ಲಿ ಯಾರು ಯಾರೋ ಅಪರಿಚಿತರು ಬಂದು "ಇಷ್ಟು ನಿಧಾನ ಆದರೆ ಹೇಗೆ, ಬೇರೆಯವರಿಗೆ ಬಿಟ್ಟುಕೊಡಿ" ಎಂದು ಒತ್ತಾಯ ಮಾಡತೊಡಗಿದರು. ಅವರು ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ದುಡ್ಡಿಲ್ಲದ ಹವ್ಯಾಸದ ಕೆಲಸ ಎಂದು ಮುಚ್ಚುಮರೆ ಇಲ್ಲದೆ ಬರೆದುಕೊಂಡರು. ಅದೇ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬ ಸಹಾಯಕ ಸಿಕ್ಕಿದ್ದ. ಒಳ್ಳೊಳ್ಳೆಯ ಪ್ಯಾಚ್ (ಕೋಡಿಗೆ ತಿದ್ದುಪಡಿ) ಕಳಿಸಿದ, ನಂಬಿಕೆ ಗಳಿಸಿದ, ಕೀಲಿಕೈ ಕೈಗೆ ಬಂದಮೇಲೆ ಹೊಸ ಆವೃತ್ತಿಯೊಳಗೆ ಕಳ್ಳ ಬಾಗಿಲು ಇಟ್ಟ. ಆ ಹೆಸರಿನ ಹಿಂದೆ ಇದ್ದದ್ದು ಯಾರು ಎಂಬುದು ಬಯಲಾಗಲಿಲ್ಲ.

ಸಿಕ್ಕಿದ್ದು ಹೇಗೆ ಅಂದರೆ, ಆಂಡ್ರೆಸ್ ಫ್ರೂಂಡ್ ಎಂಬ ಮೈಕ್ರೋಸಾಫ್ಟ್ ಇಂಜಿನಿಯರ್ ಬೇರೆ ಏನನ್ನೋ ಅಳೆಯುತ್ತಿದ್ದರು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಎಂದು ತಲೆ ಕೆರೆದುಕೊಂಡರು. ನಾನಾಗಿದ್ದರೆ ನೆಟ್ ಸ್ಲೋ ಎಂದು ಬೈದು ಕಾಫಿಗೆ ಹೋಗುತ್ತಿದ್ದೆ. ಅವರು ಬಿಡದೆ ಅಗೆದರು, ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು. ಕೆಲವು ವಾರ ತಡವಾಗಿದ್ದರೆ ಆ ಬಾಗಿಲು ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರುಗಳಿಗೆ ಹೋಗುತ್ತಿತ್ತು.

ಈ ಎರಡೂ ಕಥೆಯಲ್ಲಿ ಕೆಟ್ಟವರು ಕೋಡನ್ನು ವರ್ಷಗಟ್ಟಲೆ ನೋಡಿಕೊಂಡವರಲ್ಲ. ಹೊಸದನ್ನು ಬರೆಯುವ ಹುಮ್ಮಸ್ಸಿಗೆ ದುಡ್ಡು ಬೇಕಾಗಿಲ್ಲ, ಅದು ಬಂದುಬಿಡುತ್ತದೆ. ಆಮೇಲೆ ಹತ್ತು ವರ್ಷ ದಿನಾ ಬಗ್ ನೋಡಿ, ಬೈಸಿಕೊಂಡು, ಆವೃತ್ತಿ ಬಿಡುವುದಿದೆಯಲ್ಲ, ಅದಕ್ಕೆ ಯಾರೂ ಗತಿಯಿಲ್ಲ. ನಮ್ಮ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೆರೆ ಕಟ್ಟಿಸಿ ಕೈ ತೊಳೆದುಕೊಳ್ಳಲಿಲ್ಲ. ಅದನ್ನು ನೋಡಿಕೊಳ್ಳುವವರಿಗೆ ಗದ್ದೆ ಬಿಟ್ಟರು, ಹೂಳು ಹೊರುವ ಬಂಡಿಗೆಂದು ದತ್ತಿ ಇಟ್ಟರು. ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಬರುವುದು ಇದೇ. ಕೆರೆಯ ನೀರು ಕುಡಿದವರ ಬೆಳೆಯಲ್ಲೇ ಕೆರೆಯ ಖರ್ಚೂ ಹುಟ್ಟುತ್ತಿತ್ತು. ನನ್ನ ಅಭಿಪ್ರಾಯವೂ ಅಷ್ಟೇ. ಬಳಸಿ ಲಾಭ ಮಾಡುವ ಕಂಪನಿ ಇದನ್ನು ಕರೆಂಟ್ ಬಿಲ್ಲಿನಂತೆ ಪ್ರತಿ ವರ್ಷದ ಖರ್ಚಿಗೆ ಸೇರಿಸಬೇಕು. "ಒಂದು ಕಾಫಿ ಕೊಡಿಸಿ" ಎಂಬ ದೇಣಿಗೆ ಬಟನ್‌ನಿಂದ ಸಂಸಾರ ನಡೆಯುವುದಿಲ್ಲ. ಅದು ಸುಮ್ನೆ ಕೊಡುವವರ ಮನಸ್ಸಿನ ಸಮಾಧಾನಕ್ಕೆ.

ಕೊಡದೆ ದಬಾಯಿಸುವವರ ವಿಷಯ ಬೇರೆಯೇ ಇದೆ. ಇಂಟರ್ನೆಟ್ಟಿನಲ್ಲಿ ಡೇಟಾ ತರಲು, ಕಳಿಸಲು ಬಳಸುವ ಕರ್ಲ್ ಎಂಬ ಸಾಧನ ಬರೆದ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರ ಇಮೇಲ್ ವಿಳಾಸ ಕಾರುಗಳ ಪರದೆಯೊಳಗಿನ ಲೈಸೆನ್ಸ್ ಪಟ್ಟಿಯಲ್ಲಿ ಇರುತ್ತದೆ. ಜನ ಅದನ್ನು ನೋಡಿ, ಕಾರಿನ ಜಿಪಿಎಸ್ ಕೆಲಸ ಮಾಡುತ್ತಿಲ್ಲ ಬಂದು ಸರಿಮಾಡಿ ಅಂತ ಅವರಿಗೆ ಬರೆಯುತ್ತಾರೆ! 2022ರ ಜನವರಿಯಲ್ಲಿ ಒಂದು ಭಾರಿ ಕಂಪನಿ, ಲಾಗ್‌ಫೋರ್‌ಜೆ ಎಂಬ ಬೇರೆ ಯಾವುದೋ ಲೈಬ್ರರಿಯ ತೂತಿನ ಬಗ್ಗೆ ಪ್ರಶ್ನಾವಳಿ ಕಳಿಸಿ 24 ಗಂಟೆಯೊಳಗೆ ಉತ್ತರ ಕೊಡಿ ಎಂದಿತು. ಸಪೋರ್ಟ್ ಒಪ್ಪಂದ ಮಾಡಿಕೊಳ್ಳಿ, ಉತ್ತರ ಕೊಡುತ್ತೇನೆ ಎಂದರು ಅವರು. ಸರಿಯಾದ ಮಾತು. ಈಚೆಗೆ ಅವರಿಗೆ ಎಐ ಬರೆದುಕೊಟ್ಟ ಸುಳ್ಳು ದೋಷ ವರದಿಗಳ ಕಾಟ. ಬರೆಯುವುದಕ್ಕೆ ಒಂದು ನಿಮಿಷ, ಸುಳ್ಳು ಅಂತ ಕಂಡುಹಿಡಿಯುವುದಕ್ಕೆ ಅರ್ಧ ದಿನ. "ಇನ್ನು ಎಐ ಎಲ್ಲ ಬರೆಯುತ್ತಲ್ಲ, ಓಪನ್ ಸೋರ್ಸ್ ಯಾಕೆ" ಎನ್ನುವವರಿಗೆ ಇದೇ ಉತ್ತರ. ಬರೆಯುವುದು ಯಾವತ್ತೂ ಕೊರತೆಯಾಗಿರಲಿಲ್ಲ, ಓದುವವರು ಸಾಲುತ್ತಿಲ್ಲ.

ಕೊಡಲು ಮನಸ್ಸಿದ್ದರೂ ನಮ್ಮ ಕಡೆ ಕೊಡುವುದು ಸುಲಭ ಅಲ್ಲ, ಅದನ್ನೂ ಹೇಳಬೇಕು. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ನಾವು ದಿನಾ ಬಳಸುವ ಒಂದು ಲೈಬ್ರರಿಗೆ ಒಂದಿಷ್ಟು ದುಡ್ಡು ಕೊಡೋಣ ಎಂದು ಮ್ಯಾನೇಜರನ್ನು ಒಪ್ಪಿಸಿದೆ. ಅಕೌಂಟ್ಸ್‌ನವರು ಒಪ್ಪಬೇಕಲ್ಲ. ವೆಂಡರ್ ಫಾರ್ಮ್ ತುಂಬಿಸಿ ಅಂದರು. ಜಿಎಸ್‌ಟಿ ನಂಬರ್ ಕೇಳಿದರು. ಮೂರು ಕೊಟೇಶನ್ ತನ್ನಿ ಅಂದರು. ಪುಕ್ಕಟೆ ಸಿಗುವ ವಸ್ತುವಿಗೆ ಮೂರು ಕೊಟೇಶನ್! ಅವರ ತಪ್ಪೂ ಅಲ್ಲ. ಆಡಿಟರ್ ಬಂದು ಇದು ಯಾವ ಬಾಬತ್ತು ಎಂದು ಕೇಳಿದರೆ ಅವರೇ ಹೇಳಬೇಕು. ಕೊನೆಗೆ ಫೈಲ್ ದಾಟಿದ್ದು ಅದನ್ನು ಸಪೋರ್ಟ್ ಖರ್ಚು ಎಂದು ತೋರಿಸಿ, ಆ ಕಡೆಯವರಿಂದ ಒಂದು ಇನ್‌ವಾಯ್ಸ್ ತರಿಸಿದ ಮೇಲೆ. ಹಾಗಾಗಿ ಲೈಬ್ರರಿ ನಡೆಸುವ ಗೆಳೆಯರಿಗೆ ನಾನು ಹೇಳುವುದು: ದೇಣಿಗೆ ಬಟನ್ ಇರಲಿ, ಜೊತೆಗೆ ಇನ್‌ವಾಯ್ಸ್ ಕೊಡುವ ಒಂದು ವ್ಯವಸ್ಥೆ ಮಾಡಿಟ್ಟುಕೊಳ್ಳಿ. ಇಲ್ಲಿಂದ ಒಂದು ಒಳ್ಳೆಯ ಸುದ್ದಿಯೂ ಇದೆ. ಷೇರು ವಹಿವಾಟು ನಡೆಸುವ ಬೆಂಗಳೂರಿನ ಕಂಪನಿ ಜೆರೋಧಾ 2024ರಲ್ಲಿ ಒಂದು ನಿಧಿ ಶುರು ಮಾಡಿತು, ವರ್ಷಕ್ಕೆ 10 ಲಕ್ಷ ಡಾಲರ್, ಜಗತ್ತಿನ ಯಾವುದೇ ಮೂಲೆಯ ಓಪನ್ ಸೋರ್ಸ್ ಯೋಜನೆಗೆ. ಇಂಥವು ಇನ್ನೂ ಹತ್ತು ಬೇಕು.

ದುಡ್ಡು ಹುಟ್ಟದೆ ಲೈಸೆನ್ಸನ್ನೇ ಬಿಗಿ ಮಾಡಿದವರೂ ಇದ್ದಾರೆ. 2021ರಲ್ಲಿ ಹುಡುಕುವ ಸಾಫ್ಟ್‌ವೇರ್ ಮಾಡುವ ಇಲಾಸ್ಟಿಕ್, 2024ರಲ್ಲಿ ಡೇಟಾಬೇಸ್ ಮಾಡುವ ರೆಡಿಸ್. ದೊಡ್ಡ ಕ್ಲೌಡ್ ಕಂಪನಿಗಳು ತಮ್ಮ ಕೋಡನ್ನು ಸೇವೆಯಾಗಿ ಮಾರಿ ದುಡ್ಡು ಮಾಡುತ್ತವೆ ಎಂಬ ಸಿಟ್ಟು ಅವರದ್ದು. ಸಿಟ್ಟು ನ್ಯಾಯವೇ. ಆದರೆ ಹೊರಗಿನ ಎಷ್ಟೋ ಜನ ನಂಬಿ ಪ್ಯಾಚ್ ಕೊಟ್ಟ ಮೇಲೆ ಆಟದ ನಿಯಮ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಬೇರೆಯವರು ಹಳೆಯ ಕೋಡ್ ತೆಗೆದುಕೊಂಡು ಓಪನ್‌ಸರ್ಚ್, ವಾಲ್‌ಕೀ ಅಂತ ಬೇರೆ ಮನೆ ಹೂಡಿದರು. ಮುಂದೆ ಇಲಾಸ್ಟಿಕ್, ರೆಡಿಸ್ ಇಬ್ಬರೂ ಮತ್ತೆ ಓಪನ್ ಸೋರ್ಸ್ ಲೈಸೆನ್ಸಿನ ಆಯ್ಕೆ ಕೊಟ್ಟರು.

ಇನ್ನು ಮೂರನೇ ವರ್ಷದ ಹುಡುಗರು. ಅವರ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇರುತ್ತದೆ: ಇದರಿಂದ ಕೆಲಸ ಸಿಗುತ್ತಾ? ಸಿಗುತ್ತದೆ, ನಿಜವಾದ ಕೆಲಸ ಮಾಡಿದರೆ. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ, ವೆಬ್ ತಾಣ ಕಟ್ಟಲು ಬಳಸುವ ಹೆಸರಾಂತ ಯೋಜನೆಗೆ, ಅದರ ಪರಿಚಯ ಇರುವ ರೀಡ್‌ಮಿ ಫೈಲಿನಲ್ಲಿ ತಮ್ಮ ಹೆಸರು ಸೇರಿಸಿ ಎನ್ನುವ ಕೋರಿಕೆಗಳು ರಾಶಿ ಬಿದ್ದವು. ಒಂದು ಪಾಠದ ವಿಡಿಯೋ ನೋಡಿ ನಮ್ಮ ದೇಶದ ವಿದ್ಯಾರ್ಥಿಗಳು ಕಳಿಸಿದ್ದೇ ಹೆಚ್ಚು. ಅವನ್ನೆಲ್ಲ ಒಂದೊಂದಾಗಿ ಮುಚ್ಚಿದವರು ಮತ್ತದೇ ಸಂಬಳವಿಲ್ಲದ ಜನ. ಹಾಗೆ ಮಾಡಬೇಡಿ. ಸಂದರ್ಶನ ಮಾಡುವವರು ಲಿಂಕ್ ಒತ್ತಿ ನೋಡುತ್ತಾರೆ ಕಣ್ರೋ.

ಏನು ಮಾಡಲಿ ಅಂತೀರಾ? ಕನ್ನಡ ಓದಲು ಬರುತ್ತದಲ್ಲ, ಅದೇ ನಿಮ್ಮ ಬಂಡವಾಳ. ನಮ್ಮ ಅಕ್ಷರಗಳನ್ನು ಪರದೆಗೆ ತರುವ ಕೋಡ್ ಬರೆಯುವ ಹೆಚ್ಚಿನವರಿಗೆ ಕನ್ನಡ ಓದಲು ಬಾರದು. ಒತ್ತಕ್ಷರ ತಪ್ಪಾಗಿ ಕೂತರೂ ಅವರ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ಲಿಬ್ರೆಆಫೀಸ್ ಎಂಬ ಓಪನ್ ಸೋರ್ಸ್ ಆಫೀಸ್ ಸಾಫ್ಟ್‌ವೇರಿನಲ್ಲಿ ಒಂದು ಪುಟ ಕನ್ನಡ ಟೈಪ್ ಮಾಡಿ. ಡೆಬಿಯನ್ ಎಂಬ ಲಿನಕ್ಸ್ ಬಗೆಯಲ್ಲಿ ಪುಕ್ಕಟೆ ಸಿಗುವ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳನ್ನು ಒಂದೊಂದಾಗಿ ಹಾಕಿ ನೋಡಿ. ಪಿಡಿಎಫ್ ಮಾಡಿ, ಅದರಿಂದ ನಾಲ್ಕು ಸಾಲು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ. ಅರ್ಕಾವೊತ್ತು ಎಲ್ಲಿಗೋ ಹಾರಿದ್ದು, ದೀರ್ಘ ಕಳಚಿ ಬಿದ್ದದ್ದು ಏನಾದರೂ ಸಿಗಬಹುದು. ಸಿಕ್ಕರೆ ಮೊದಲು ಆ ಬಗ್ ಯಾರಾದರೂ ಆಗಲೇ ಹಾಕಿದ್ದಾರಾ ಎಂದು ಆ ಯೋಜನೆಯ ಬಗ್ ಪಟ್ಟಿಯಲ್ಲಿ ಹುಡುಕಿ. ಹಾಕಿಲ್ಲವಾದರೆ ಬರೆಯಿರಿ: ಯಾವ ಆವೃತ್ತಿ, ಯಾವ ಫಾಂಟ್, ಏನು ಟೈಪ್ ಮಾಡಿದ್ದು, ಏನು ಕಂಡದ್ದು, ಏನು ಕಾಣಬೇಕಿತ್ತು. ಜೊತೆಗೆ ಒಂದು ಸ್ಕ್ರೀನ್‌ಶಾಟ್. ಎಐ ಕೈಯಲ್ಲಿ ಬರೆಸಬೇಡಿ, ಇಂಗ್ಲಿಷ್ ಹರುಕುಮುರುಕಾಗಿದ್ದರೂ ಪರವಾಗಿಲ್ಲ. ಯಾರಾದರೂ ತಿರುಗಿ ಪ್ರಶ್ನೆ ಕೇಳಿದರೆ ಎರಡು ದಿನದೊಳಗೆ ಉತ್ತರ ಕೊಡಿ.