ಮನೆಯಲ್ಲೇ ವಿಮಾನ ಕಟ್ಟೋಕೆ ಎಷ್ಟು ದುಡ್ಡು ಬೇಕು?

ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಇಲ್ಲಿನ ಹುಡುಗರು ಮತ್ತೆ ಮತ್ತೆ ಕೇಳುತ್ತಾರೆ: "ಎರಡು ಸೀಟಿನ ವಿಮಾನದ ಕಿಟ್ ತರಿಸಿ ಶೆಡ್ಡಲ್ಲೇ ಕಟ್ಟಿದ್ರೆ ಒಟ್ಟು ಎಷ್ಟಾಗುತ್ತೆ ಸಾರ್?"

ಕಿಟ್‌ನ ಬೆಲೆಯನ್ನು ಮೂರರಿಂದ ಗುಣಿಸಿ. ಹೆಚ್ಚುಕಮ್ಮಿ ಅಲ್ಲಿಗೆ ಬರುತ್ತದೆ.

ಕಿಟ್ ಅಂದರೆ ರೆಕ್ಕೆ, ಬಾಲ, ಒಡಲು, ಅಷ್ಟೇ. ಎಂಜಿನ್, ಪ್ರೊಪೆಲರ್, ಮೀಟರ್‌ಗಳು, ರೇಡಿಯೊ, ವೈರಿಂಗ್, ಬಣ್ಣ ಎಲ್ಲ ಬೇರೆ. 100 ಅಶ್ವಶಕ್ತಿಯ ಹೊಸ ರೋಟ್ಯಾಕ್ಸ್ 912 ಎಂಜಿನ್ ಒಂದೇ 20 ಸಾವಿರ ಡಾಲರ್ ದಾಟುತ್ತದೆ. ಹಡಗಿನ ಬಾಡಿಗೆ, ಸುಂಕ ಅದರ ಮೇಲೆ. ಖರ್ಚು ಇಳಿಸಲು ಮರದ ವಿಮಾನ ಕಟ್ಟೋಣ, ನಮ್ಮಲ್ಲಿ ಸಾಗುವಾನಿ ಇದೆಯಲ್ಲ ಅನ್ನುವವರಿದ್ದಾರೆ. ವಿಮಾನಕ್ಕೆ ಬಳಸುವ ಸಿಟ್ಕಾ ಸ್ಪ್ರೂಸ್ ಮರಕ್ಕಿಂತ ಸಾಗುವಾನಿ ಸುಮಾರು ಒಂದೂವರೆ ಪಟ್ಟು ಭಾರ. ಅದು ಬೇಡ.

ಬೆಲೆಪಟ್ಟಿಯಲ್ಲಿ ಕಾಣದ ದೊಡ್ಡ ಖರ್ಚು, ಕೆಟ್ಟ ಕೆಲಸವನ್ನು ಬಿಚ್ಚಿ ಮತ್ತೆ ಮಾಡುವುದು. ತಗಡುಗಳನ್ನು ಒಂದಕ್ಕೊಂದು ಸೇರಿಸುವ ಲೋಹದ ಮೊಳೆಗೆ ರಿವೆಟ್ ಅನ್ನುತ್ತಾರೆ. ಬಡಿದು ಕೂರಿಸುವ ರಿವೆಟ್‌ನ ಲೋಹದ ವಿಮಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್ ಇರುತ್ತವೆ. ಪ್ರತಿ ತೂತಿನ ಅಂಚಿನ ಚೂಪನ್ನು ಸವರಿ ತೆಗೆಯಬೇಕು, ಪ್ರೈಮರ್ ಹಚ್ಚಬೇಕು, ಕ್ಲೀಕೊ (ತೂತಿನಲ್ಲಿ ತಾತ್ಕಾಲಿಕವಾಗಿ ಸಿಕ್ಕಿಸುವ ಹಿಡಿಕೆ) ಹಾಕಿ ತಗಡುಗಳನ್ನು ಬಿಗಿಹಿಡಿದು ಬಡಿಯಬೇಕು. 3.2 ಮಿ.ಮೀ. ರಿವೆಟ್ ಬಡಿದಾಗ ಹಿಂದೆ ಮೂಡುವ ತಲೆ ಸುಮಾರು 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಇರಬೇಕು. ಕಮ್ಮಿ ಬಡಿದರೆ ಹಿಡಿತವಿಲ್ಲ, ಜಾಸ್ತಿ ಬಡಿದರೆ ತಲೆ ಬಿರಿಯುತ್ತದೆ. ಕೆಟ್ಟ ರಿವೆಟ್ ಕೊರೆದು ತೆಗೆಯುವಾಗ ಡ್ರಿಲ್ ಬಿಟ್ ಕೂದಲೆಳೆಯಷ್ಟು ಜಾರಿದರೂ ತೂತು ಮೊಟ್ಟೆಯಾಕಾರ ಆಗುತ್ತದೆ. ಆಗ ಒಂದು ಸೈಜ್ ದೊಡ್ಡ ರಿವೆಟ್ ಹಾಕಬೇಕು. ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ ದಪ್ಪದ ಎರಡರಷ್ಟು ಜಾಗ ಉಳಿಯದಿದ್ದರೆ ಆ ತುಂಡೇ ವ್ಯರ್ಥ. ರೆಕ್ಕೆಯ ಭಾರ ಹೊರುವ ಉದ್ದನೆಯ ತೊಲೆಯಾದ ಸ್ಪಾರ್‌ನಲ್ಲಿ ಹೀಗಾದರೆ ಹೊಸದು ಬರುವ ತನಕ ಕೆಲಸ ನಿಂತಂತೆಯೇ. ಅದಕ್ಕೇ ದುಡ್ಡು ಸ್ವಲ್ಪ ಹೆಚ್ಚಾದರೂ ಅಳತೆಗೆ ಸರಿಯಾಗಿ ತೂತು ಹೊಡೆದೇ ಬರುವ ಕಿಟ್ ತೆಗೆದುಕೊಳ್ಳಿ. ಕೈ ಪಳಗಲಿ ಅಂತ ಮೊದಲು ನೂರಿನ್ನೂರು ರಿವೆಟ್ ಹಾಳು ತಗಡಿನ ಮೇಲೆ ಬಡಿಯಿರಿ. ಬೋಲ್ಟ್‌ಗಳನ್ನಂತೂ ಊರಿನ ಹಾರ್ಡ್‌ವೇರ್ ಅಂಗಡಿಯಿಂದ ತರಲೇಬೇಡಿ.

ಮಲೆನಾಡಿನ ಮಳೆಗೂ ಲೆಕ್ಕ ಇಡಬೇಕು. ತೇವದ ಗಾಳಿಯಲ್ಲಿ ಎಪಾಕ್ಸಿ ಅಂಟು ಗಟ್ಟಿಯಾಗುವಾಗ ಮೇಲೆ ಮೇಣದಂಥ ಪೊರೆ ಕಟ್ಟುತ್ತದೆ. ಅದನ್ನು ತೊಳೆಯದೆ ಇನ್ನೊಂದು ಪದರ ಹಾಕಿದರೆ ಅಂಟುವುದಿಲ್ಲ. ಪ್ಯಾಕಿಂಗ್ ಕಾಗದ ತೇವ ಹೀರಿಕೊಂಡು ಅಲ್ಯೂಮಿನಿಯಂ ತಗಡಿನ ಮೇಲೆ ಬಿಳಿ ಕಲೆ ಬರಿಸುತ್ತದೆ, ಬಂದ ಕೂಡಲೇ ಬಿಚ್ಚಿಡಿ. ಅಡಿಕೆ ಬೇಯಿಸುವ ಒಲೆಯ ಪಕ್ಕದ ಶೆಡ್ ಖಂಡಿತ ಆಗದು, ಅಲ್ಲಿ ಹಬೆಯೂ ಹೊಗೆಯೂ ಸೇರುತ್ತವೆ. ಗಾಳಿಯ ತೇವ ತೆಗೆಯುವ ಡೀಹ್ಯುಮಿಡಿಫೈಯರ್ ಒಂದು, ಅದರ ಕರೆಂಟ್ ಬಿಲ್ ಒಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಇಲ್ಲವಾದರೆ ಅಂಟು, ಬಣ್ಣದ ಕೆಲಸವನ್ನೆಲ್ಲ ಬೇಸಿಗೆಗೆ ಇಟ್ಟುಕೊಳ್ಳಿ.

ಸಮಯ: 2,000 ಗಂಟೆ ಅಂದುಕೊಳ್ಳಿ. ವಾರಕ್ಕೆ 8 ಗಂಟೆಯಂತೆ ಐದು ವರ್ಷದ ಹತ್ತಿರ.

ಮೊದಲ ತಗಡು ಮುಟ್ಟುವ ಮುಂಚೆಯೇ ಡಿಜಿಸಿಎಗೆ (ವಿಮಾನಗಳಿಗೆ ನೋಂದಣಿ ಕೊಡುವ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಬರೆಯಿರಿ. ಮುಂಬೈನಲ್ಲಿ ಮನೆಯ ತಾರಸಿ ಮೇಲೆ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರಿಗೆ ನೋಂದಣಿ ಸಿಕ್ಕಿದ್ದು ವರ್ಷಗಟ್ಟಲೆ ಓಡಾಡಿದ ಮೇಲೆ, 2017ರಲ್ಲಿ. ಮುಚ್ಚಿಬಿಡುವ ಪ್ರತಿ ಭಾಗದ ಫೋಟೊ, ಪ್ರತಿ ಬೋಲ್ಟ್‌ನ ಬಿಲ್ ಇಟ್ಟುಕೊಳ್ಳಿ. ವಿಮಾನ ಸೋಗಾನೆಯಲ್ಲಿ ನಿಲ್ಲುತ್ತದೆ ಅಂತ ಮನಸ್ಸಿನಲ್ಲೇ ತೀರ್ಮಾನಿಸಿಕೊಳ್ಳದೆ, ನಿಲ್ಲಿಸುವ ಜಾಗ ಮತ್ತು ಬಾಡಿಗೆಯನ್ನೂ ಮೊದಲೇ ವಿಚಾರಿಸಿ.

ಹಾರಿದ ಮೇಲೂ ಖರ್ಚು ನಿಲ್ಲದು. ರೋಟ್ಯಾಕ್ಸ್ 912ಕ್ಕೆ ಶೇ. 10ರವರೆಗೆ ಎಥನಾಲ್ ಬೆರೆತ ಪೆಟ್ರೋಲ್ ಮಾತ್ರ ಸರಿ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ. 20ರದ್ದು. ಹಾಗಾಗಿ ಸೀಸ ಬೆರೆತ ವಿಮಾನದ ಪೆಟ್ರೋಲ್ ಹುಡುಕಬೇಕು, ಅದನ್ನು ಬಳಸಿದರೆ ಆಯಿಲ್ ಬೇಗ ಬೇಗ ಬದಲಿಸಬೇಕು. ಇನ್ನು ಇಂಧನದ, ಆಯಿಲಿನ, ನೀರಿನ ರಬ್ಬರ್ ಪೈಪುಗಳು: ಒಂದು ಗಂಟೆಯೂ ಹಾರಿಸದಿದ್ದರೂ ಐದು ವರ್ಷಕ್ಕೊಮ್ಮೆ ಅಷ್ಟನ್ನೂ ಕಿತ್ತು ಹೊಸದು ಹಾಕಬೇಕು. ಎಂಜಿನ್ ಮೊದಲೇ ತರಿಸಿ ಶೆಡ್ಡಿನಲ್ಲಿಟ್ಟರೆ ಈ ಐದು ವರ್ಷ ಅಲ್ಲೇ ಕರಗಿಹೋಗುತ್ತದೆ. ಒಡಲು ಪೂರ್ತಿಯಾಗಿ ಚಕ್ರದ ಮೇಲೆ ನಿಂತ ಮೇಲೆ ಎಂಜಿನ್‌ಗೆ ಆರ್ಡರ್ ಕೊಡಿ.