ಬ್ಯಾಕ್ ಒತ್ತಿದರೆ ಎಲ್ಲಿಗೆ ಹೋಗಬೇಕು?

ಮಂಡ್ಯ, 18 ನವೆಂಬರ್ 2025, ಮಂಗಳವಾರ

ಆಲೆಮನೆ ಲೆಕ್ಕದ ಆ್ಯಪ್‌ನಲ್ಲಿ ಪುಟಗಳು ಯಾಕೆ ದಾರಿ ತಪ್ಪುತ್ತಿದ್ದವು ಅನ್ನುವುದು ಇವತ್ತು ಪೂರ್ತಿ ಗೊತ್ತಾಯಿತು. ಬರೆದಿಡುತ್ತೇನೆ. ನ್ಯಾವಿಗೇಟರ್ ಅಂದರೆ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವುದನ್ನು ನೋಡಿಕೊಳ್ಳುವ ಭಾಗ. ಅದರ ಒಳಗೆ ಇನ್ನೊಂದು ನ್ಯಾವಿಗೇಟರ್ ಇಟ್ಟವರಿಗೆಲ್ಲ ಒಂದಲ್ಲ ಒಂದು ದಿನ ಇದೇ ಗೋಳು ಎದುರಾಗುತ್ತದೆ.

ಆ್ಯಪ್ ದೊಡ್ಡದೇನಲ್ಲ. ಕೆರಗೋಡು ಕಡೆಯ ಒಂದು ಆಲೆಮನೆಗೆ ಮೊಬೈಲ್ ಆ್ಯಪ್ ಕಟ್ಟುವ ರಿಯಾಕ್ಟ್ ನೇಟಿವ್‌ನಲ್ಲಿ ಮಾಡಿದ್ದು. ರೈತರು ಕಬ್ಬು ತಂದು ಹಾಕಿದಾಗ ಲೋಡ್ ಬರೆಯಬೇಕು, ತೂಕದ ಚೀಟಿಯ ಫೋಟೊ ಹಿಡಿಯಬೇಕು, ಕೊಟ್ಟ ಮುಂಗಡ ಕಳೆದು ಯಾರಿಗೆ ಎಷ್ಟು ಬಾಕಿ ಅಂತ ತೋರಿಸಬೇಕು. ಅಷ್ಟೇ. ಕೆಳಗೆ ಮೂರು ಟ್ಯಾಬ್: ಮನೆ, ಲೋಡ್, ಲೆಕ್ಕ. ಲೆಕ್ಕದ ಟ್ಯಾಬ್ ಒಳಗೆ ಒಂದು ಸ್ಟ್ಯಾಕ್ ಇದೆ, ಅಂದರೆ ಪುಟಗಳನ್ನು ಒಂದರ ಮೇಲೊಂದು ಪೇರಿಸುವ ನ್ಯಾವಿಗೇಟರ್. ಅದರಲ್ಲಿ ಮೊದಲು ರೈತರ ಪಟ್ಟಿ, ಹೆಸರು ಒತ್ತಿದರೆ ಆ ರೈತನ ಖಾತೆ. ಲೋಡ್ ಟ್ಯಾಬ್ ಒಳಗೂ ಅಂಥದ್ದೇ ಒಂದು ಸ್ಟ್ಯಾಕ್. ಇದಕ್ಕೆಲ್ಲ ಹೊರಗೆ ಲಾಗಿನ್ ಸೇರಿಸಿಕೊಂಡು ಒಂದು ದೊಡ್ಡ ಸ್ಟ್ಯಾಕ್. ಅಂದರೆ ಖಾತೆ ಪುಟ ಮೂರು ಸುತ್ತಿನ ಒಳಗಿದೆ.

ಆಲೆಮನೆ ಯಜಮಾನರು ನಿನ್ನೆ ಫೋನ್ ಮಾಡಿದ್ದರು. "ಏನ್ ತಮ್ಮಾ, ಮನೆ ಪೇಜಲ್ಲಿ ರೈತನ ಹೆಸ್ರು ಒತ್ತುದ್ರೆ ಒಂದೊಂದ್ಸಲ ಖಾತೆ ತೆಗೀತದೆ, ಒಂದೊಂದ್ಸಲ ಸುಮ್ನೆ ಕುಂತ್ಕತದೆ. ದುಡ್ ಕೇಳಕ್ ಬಂದೋರ್ ಮುಂದೆ ನಾನೇನ್ ಹೇಳ್ಲಿ?"

ಅವರ ಮಾತಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ಒಂದೊಂದ್ಸಲ". ಯಾವಾಗಲೂ ಕೆಡುವುದನ್ನು ಹಿಡಿಯುವುದು ಸುಲಭ, ಒಂದೊಂದು ಸಲ ಕೆಡುವುದನ್ನು ಹಿಡಿಯುವುದು ಕಷ್ಟ. ಅದಕ್ಕೆ ಕೇಳಿದೆ, "ಅಣ್ಣ, ಆ್ಯಪ್ ತೆಗೆದ ತಕ್ಷಣ ಒತ್ತಿದಾಗ ಬರಲ್ವಾ, ಇಲ್ಲ ಲೆಕ್ಕದ ಒಳಗೆ ಹೋಗಿ ಬಂದ ಮೇಲೂ ಬರಲ್ವಾ?"

"ಎಲ್ಲಾನೂ ಒಂದ್ ರೌಂಡ್ ನೋಡುದ್ಮೇಲೆ ಸರಿಯಾಯ್ತದೆ ಕಣಪ್ಪ."

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಪುಟಗಳ ಓಡಾಟಕ್ಕೆ ನಾವು ಬಳಸುವ ಲೈಬ್ರರಿ ರಿಯಾಕ್ಟ್ ನ್ಯಾವಿಗೇಷನ್. ಅದರ ಕೆಳಗಿನ ಟ್ಯಾಬ್‌ಗಳು ಮೊದಲೇ ಎಲ್ಲವೂ ತಯಾರಾಗಿ ನಿಂತಿರುವುದಿಲ್ಲ. ಬಳಸುವವರು ಮೊದಲ ಸಲ ಒತ್ತಿದಾಗಲೇ ಆ ಟ್ಯಾಬ್ ಹುಟ್ಟುತ್ತದೆ, ಒಮ್ಮೆ ಹುಟ್ಟಿದ ಮೇಲೆ ಅಲ್ಲೇ ಉಳಿಯುತ್ತದೆ. ಲೆಕ್ಕದ ಟ್ಯಾಬನ್ನು ಇನ್ನೂ ಯಾರೂ ಮುಟ್ಟಿಲ್ಲ ಅಂದರೆ ಅದರೊಳಗಿನ ಸ್ಟ್ಯಾಕ್ ಆ ಹೊತ್ತಿಗೆ ಇಲ್ಲವೇ ಇಲ್ಲ. ಮನೆ ಪುಟದಲ್ಲಿದ್ದ ಕೋಡ್ ನೇರವಾಗಿ 'ಖಾತೆ' ಅಂತ ಹೆಸರು ಹೇಳಿ ನ್ಯಾವಿಗೇಟ್ ಮಾಡುತ್ತಿತ್ತು, ಅಂದರೆ ಆ ಪುಟಕ್ಕೆ ಕರೆದೊಯ್ಯಲು ಕೋರುತ್ತಿತ್ತು. ಯಜಮಾನರ ಫೋನಿನಲ್ಲಿರುವುದು 6ನೇ ಆವೃತ್ತಿಯ ರಿಯಾಕ್ಟ್ ನ್ಯಾವಿಗೇಷನ್ ಮೇಲೆ ಕಟ್ಟಿದ ಆ್ಯಪ್. ಒಳಗಿನ ನ್ಯಾವಿಗೇಟರ್ ಆಗಲೇ ಹುಟ್ಟಿದ್ದರೆ 6ನೇ ಆವೃತ್ತಿ ಅದರೊಳಗೂ ಇಳಿದು ಹುಡುಕುತ್ತದೆ. ಹುಟ್ಟಿಲ್ಲದಿದ್ದರೆ ಹುಡುಕಲು ಏನೂ ಇಲ್ಲ, ಸುಮ್ಮನಾಗುತ್ತದೆ. ನಮ್ಮ ಕಂಪ್ಯೂಟರಿನಲ್ಲಾದರೆ 'ಈ ಕೋರಿಕೆಯನ್ನು ಯಾವ ನ್ಯಾವಿಗೇಟರೂ ತೆಗೆದುಕೊಳ್ಳಲಿಲ್ಲ, ಈ ಹೆಸರಿನ ಸ್ಕ್ರೀನ್ ಇದೆಯಾ' ಅಂತ ಕೆಂಪಗೆ ಕೂಗುತ್ತದೆ. ಆ ಎಚ್ಚರಿಕೆ ಡೆವಲಪ್‌ಮೆಂಟ್‌ನಲ್ಲಿ ಮಾತ್ರ. ಜನರ ಕೈಗೆ ಹೋದ ಆ್ಯಪ್‌ನಲ್ಲಿ ಒಂದಕ್ಷರವೂ ಕಾಣುವುದಿಲ್ಲ. ಒತ್ತಿದವರಿಗೆ ಗುಂಡಿ ಸತ್ತಂತೆ ಕಾಣುತ್ತದೆ, ಅಷ್ಟೇ.

ಬೆಳಗ್ಗೆ ಆಫೀಸಿಗೆ ಬಂದವನೇ ಇದನ್ನು ನಮ್ಮ ಹೊಸ ಕೋಡಿನಲ್ಲಿ ನೋಡಿದೆ. ಅದು 7ನೇ ಆವೃತ್ತಿಗೆ ಏರಿಸಿದ ಕೋಡ್. 7 ಹೊರಬಂದದ್ದು 2024ರ ನವೆಂಬರ್‌ನಲ್ಲಿ, ನಾವು ಏರಿಸುತ್ತಿರುವುದು ಈಗ. ಅಲ್ಲಿ ಯಾವ ರೌಂಡ್ ಹೊಡೆದು ಬಂದರೂ ಖಾತೆ ತೆರೆಯುವುದೇ ಇಲ್ಲ. ನನಗೆ ಸಮಾಧಾನವೇ ಆಯಿತು. ಒಳಗಿನ ನ್ಯಾವಿಗೇಟರಿಗೆ ತಾನಾಗಿ ಇಳಿದು ಹುಡುಕುವ ಅಭ್ಯಾಸವನ್ನು 7ರಲ್ಲಿ ತೆಗೆದುಹಾಕಿದ್ದಾರೆ, ಅದು ಒಳ್ಳೆಯ ತೀರ್ಮಾನ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಟ್ಯಾಬ್ ಹುಟ್ಟಿದೆಯೋ ಇಲ್ಲವೋ ಅನ್ನುವುದರ ಮೇಲೆ ಒಂದು ಗುಂಡಿ ಕೆಲಸ ಮಾಡಬಾರದು. ಹಳೆಯ ನಡವಳಿಕೆಯನ್ನು ವಾಪಸ್ ತರುವ ಒಂದು ಪ್ರಾಪ್ (ಹೊರಗಿನಿಂದ ಕೊಡುವ ಸೆಟ್ಟಿಂಗ್) ಕೊಟ್ಟಿದ್ದಾರೆ, ಎಲ್ಲ ನ್ಯಾವಿಗೇಟರುಗಳನ್ನೂ ಸುತ್ತುವ ನ್ಯಾವಿಗೇಷನ್ ಕಂಟೇನರ್ ಮೇಲೆ ಹಾಕುವುದು. ದೊಡ್ಡ ಆ್ಯಪ್ ಇರುವವರಿಗೆ ಸ್ವಲ್ಪ ದಿನ ಉಸಿರಾಡಲು ಅದು ಬೇಕಾಗಬಹುದು. ನಮ್ಮಂಥ ಚಿಕ್ಕ ಆ್ಯಪ್‌ಗೆ ಬೇಡ.

ಕೋರಿಕೆ ಹೇಗೆ ಓಡಾಡುತ್ತದೆ ಅನ್ನುವುದನ್ನು ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಗೆ ಹೇಳಬೇಕಿತ್ತು. ಶ್ರೀರಂಗಪಟ್ಟಣದಿಂದ ದಿನಾ ರೈಲಿನಲ್ಲಿ ಬರುತ್ತಾಳೆ, ಕೆಲಸಕ್ಕೆ ಸೇರಿ ಜಾಸ್ತಿ ದಿನ ಆಗಿಲ್ಲ, ಆದರೆ ಕೇಳುವ ಪ್ರಶ್ನೆಗಳು ಚುರುಕು. ಅವಳಿಗೆ ಹೀಗೆ ಹೇಳಿದೆ: ಗ್ರಾಮ ಪಂಚಾಯಿತಿಯಲ್ಲಿ ಆಗದ ಅರ್ಜಿ ತಾಲ್ಲೂಕಿಗೆ ಹೋಗುತ್ತದೆ, ಅಲ್ಲೂ ಆಗದಿದ್ದರೆ ಜಿಲ್ಲೆಗೆ. ತಾನಾಗಿ ಪಕ್ಕದ ತಾಲ್ಲೂಕಿನ ಹಳ್ಳಿಗೆ ಇಳಿಯುವುದಿಲ್ಲ. ಇಳಿಯಬೇಕಾದರೆ ಅರ್ಜಿಯ ಮೇಲೆ ಆ ತಾಲ್ಲೂಕಿನ ಹೆಸರೂ ಹಳ್ಳಿಯ ಹೆಸರೂ ಬರೆದಿರಬೇಕು. ಕೋಡಿನಲ್ಲಿ ಅದನ್ನು ಬರೆಯುವ ರೀತಿ: ನ್ಯಾವಿಗೇಟ್‌ಗೆ ಮೊದಲು 'ಲೆಕ್ಕ' ಅಂತ ಟ್ಯಾಬ್‌ನ ಹೆಸರು, ಆಮೇಲೆ ಒಂದು ಆಬ್ಜೆಕ್ಟ್, ಅದರೊಳಗೆ ಸ್ಕ್ರೀನ್ ಅಂದರೆ 'ಖಾತೆ', ಪ್ಯಾರಮ್ಸ್ ಅಂದರೆ ಆ ಪುಟಕ್ಕೆ ಕಳಿಸುವ ಮಾಹಿತಿ, ಇಲ್ಲಿ ರೈತನ ಐಡಿ. ಪ್ಯಾರಮ್ಸ್ ಒಳಗೆ ಹಾಕಬೇಕಾದ ಐಡಿಯನ್ನು ಹೊರಗೆ ಸ್ಕ್ರೀನ್ ಪಕ್ಕದಲ್ಲೇ ಇಟ್ಟರೆ ಅದು ಟ್ಯಾಬ್‌ಗೆ ಸೇರುತ್ತದೆ, ಖಾತೆ ಪುಟಕ್ಕೆ ತಲುಪುವುದಿಲ್ಲ. ಈ ಒಂದು ಆವರಣ ಚಿಹ್ನೆಯ ವ್ಯತ್ಯಾಸಕ್ಕೆ ಎಷ್ಟೋ ಜನ ಗಂಟೆಗಟ್ಟಲೆ ಹುಡುಕುತ್ತಾರೆ.

"ಅಣ್ಣ, ಗೆಟ್‌ಪೇರೆಂಟ್ ಹಾಕಿ ಮೇಲೆ ಹೋಗಿ, ಅಲ್ಲಿಂದ ನ್ಯಾವಿಗೇಟ್ ಮಾಡಿದರೂ ಬರುತ್ತೆ ಅಲ್ವಾ?" ಅಂದಳು. ಬರುತ್ತದೆ. ಗೆಟ್‌ಪೇರೆಂಟ್ ಒಂದು ಸುತ್ತು ಹೊರಗಿನ ನ್ಯಾವಿಗೇಟರನ್ನು ಕೈಗೆ ಕೊಡುತ್ತದೆ. ಆದರೆ ಅದರ ಅವಶ್ಯಕತೆ ಇಲ್ಲ, ಕೋರಿಕೆ ತಾನಾಗೇ ಮೇಲೆ ಹೋಗುತ್ತದೆ. ಗೆಟ್‌ಪೇರೆಂಟ್ ಮೇಲೆ ಗೆಟ್‌ಪೇರೆಂಟ್ ಹಾಕಿದ ಕೋಡ್ ಇವತ್ತಿನ ಸುತ್ತುಗಳ ಎಣಿಕೆಯನ್ನು ನಂಬಿಕೊಂಡಿರುತ್ತದೆ. ನಾಳೆ ನಡುವೆ ಇನ್ನೊಂದು ಸ್ಟ್ಯಾಕ್ ಸೇರಿದರೆ ಅಷ್ಟೂ ಕೋಡ್ ತಪ್ಪು ಜಾಗಕ್ಕೆ ಹೋಗಿ ನಿಲ್ಲುತ್ತದೆ. ಟ್ಯಾಬ್ ಒತ್ತಿದ್ದನ್ನು ಒಳಗಿನ ಪುಟದಿಂದ ಕೇಳಿಸಿಕೊಳ್ಳಬೇಕಾದಾಗ, ಮೇಲಿನವರ ಆಪ್ಷನ್ ಬದಲಿಸಬೇಕಾದಾಗ ಗೆಟ್‌ಪೇರೆಂಟ್ ನಿಜವಾಗಿ ಬೇಕು. ಆಗ ನ್ಯಾವಿಗೇಟರಿಗೆ ಒಂದು ಐಡಿ ಕೊಟ್ಟು ಅದರ ಹೆಸರು ಹೇಳಿಯೇ ಕರೆಯುವುದು ಒಳ್ಳೆಯದು.

ಸರಿ, ಖಾತೆ ತೆರೆಯಿತು. ಇನ್ನೊಂದು ತೊಂದರೆ ಎದ್ದಿತು, ನನಗೆ ಇವತ್ತಿನ ಅತಿ ಮುಖ್ಯ ವಿಷಯ ಇದೇ. ಖಾತೆಯಲ್ಲಿ ಬ್ಯಾಕ್ ಒತ್ತಿದರೆ ರೈತರ ಪಟ್ಟಿ ಬರಬೇಕು, ಮನೆ ಪುಟ ಬಂತು. ಆಮೇಲೆ ಕೆಳಗೆ 'ಲೆಕ್ಕ' ಒತ್ತಿದರೆ ಪಟ್ಟಿಯೇ ಇಲ್ಲ! ಅದೇ ಒಬ್ಬ ರೈತನ ಖಾತೆ ಅಂಟಿಕೊಂಡು ಕುಳಿತಿದೆ. ಟ್ಯಾಬನ್ನು ಮತ್ತೆ ಮತ್ತೆ ಒತ್ತಿದರೂ ಅಲ್ಲೇ. ಆ್ಯಪ್ ಮುಚ್ಚಿ ತೆಗೆಯುವವರೆಗೆ ಉಳಿದ ಯಾವ ರೈತನ ಲೆಕ್ಕವನ್ನೂ ಆ ಟ್ಯಾಬ್‌ನಿಂದ ನೋಡುವ ಹಾಗಿಲ್ಲ. ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರ್ ಸಾಲು ನಿಂತಿರುವಾಗ ಇದು ಆಗಿದ್ದರೆ?

ಇಂಥಾ ಹೊತ್ತಿನಲ್ಲಿ ಆಪ್ಷನ್‌ಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ಹೋಗುವುದು ವ್ಯರ್ಥ. ನ್ಯಾವಿಗೇಷನ್ ಸ್ಟೇಟ್ ಅನ್ನೇ, ಅಂದರೆ ಯಾವ ಪುಟ ಎಲ್ಲಿದೆ ಅನ್ನುವ ಒಳಗಿನ ದಾಖಲೆಯನ್ನೇ, ಎದುರಿಗೆ ತಂದು ಇಡಬೇಕು. ಕಂಟೇನರಿಗೆ ಆನ್‌ಸ್ಟೇಟ್‌ಚೇಂಜ್ ಅಂತ ಒಂದು ಪ್ರಾಪ್ ಇದೆ, ಅದರಲ್ಲಿ ಬರುವ ಸ್ಟೇಟನ್ನು ಜೇಸನ್ (ಓದಬಹುದಾದ ಬರಹ ರೂಪ) ಮಾಡಿ, ಸಾಲು ಸಾಲಾಗಿ ಬಿಡಿಸಿ ಪ್ರಿಂಟ್ ಮಾಡಿದರೆ ಇಡೀ ಮರ ಕಾಣುತ್ತದೆ. ಪ್ರತಿ ನ್ಯಾವಿಗೇಟರಿನ ರೂಟ್‌ಗಳ (ಅದರಲ್ಲಿರುವ ಪುಟಗಳ) ಪಟ್ಟಿ, ಈಗ ಯಾವುದರ ಮೇಲೆ ಇದ್ದೇವೆ ಅನ್ನುವ ಇಂಡೆಕ್ಸ್, ಮತ್ತು ಯಾವ ರೂಟ್ ಒಳಗೆ ಮತ್ತೊಂದು ಸ್ಟೇಟ್ ಇದೆ ಅನ್ನುವುದು. ಇನ್ನೂ ಹುಟ್ಟದ ಟ್ಯಾಬ್‌ನ ರೂಟ್‌ನಲ್ಲಿ ಒಳಗಿನ ಸ್ಟೇಟ್ ಇರುವುದೇ ಇಲ್ಲ. ನಾವು ಖಾತೆ ತೆರೆದ ಮೇಲೆ ಲೆಕ್ಕದೊಳಗೆ ನೋಡಿದರೆ ಅಲ್ಲಿ ಒಂದೇ ರೂಟ್ ಇತ್ತು, ಖಾತೆ. ಪಟ್ಟಿ ಇಲ್ಲ.

ಕಾರಣ ಹೀಗೆ. ಹುಟ್ಟದೇ ಇರುವ ನ್ಯಾವಿಗೇಟರಿನ ಒಳಗಿನ ಪುಟಕ್ಕೆ ನೇರ ಹೋದರೆ ಆ ಪುಟವೇ ಸ್ಟ್ಯಾಕ್‌ನ ಮೊದಲ ಪುಟ ಆಗುತ್ತದೆ. ನಾವು ಮೊದಲಿಗೆ ಇಟ್ಟಿದ್ದ ಪಟ್ಟಿಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸ್ಟ್ಯಾಕ್‌ನಲ್ಲಿ ಹಿಂದೆ ಹೋಗಲು ಏನೂ ಇಲ್ಲವಾದ್ದರಿಂದ ಬ್ಯಾಕ್ ಮೇಲಿನ ಟ್ಯಾಬ್‌ಗೆ ಹೋಯಿತು, ಟ್ಯಾಬ್ ತನ್ನ ರೂಢಿಯಂತೆ ಮೊದಲ ಟ್ಯಾಬ್ ಆದ ಮನೆಗೆ ಕಳಿಸಿತು. ಟ್ಯಾಬನ್ನು ಮತ್ತೆ ಒತ್ತಿದಾಗ ಸ್ಟ್ಯಾಕ್‌ನ ತಳದ ಪುಟಕ್ಕೆ ಇಳಿಯುವುದು ನಿಯಮ, ಇಲ್ಲಿ ತಳದ ಪುಟವೇ ಖಾತೆ. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ. ಮದ್ದು ಚಿಕ್ಕದು: ಸ್ಕ್ರೀನ್, ಪ್ಯಾರಮ್ಸ್ ಜೊತೆಗೆ 'ಇನಿಶಿಯಲ್' ಅಂತ ಒಂದು ಕೀ, ಅದರ ಬೆಲೆ ಫಾಲ್ಸ್. ಆಗ ಕೆಳಗೆ ಪಟ್ಟಿ ಕೂರುತ್ತದೆ, ಅದರ ಮೇಲೆ ಖಾತೆ. ಪ್ರಿಂಟ್‌ನಲ್ಲಿ ಎರಡು ರೂಟ್ ಕಂಡಾಗ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

ಎರಡು ಹೆಡರ್ (ಪುಟದ ಮೇಲಿನ ಶೀರ್ಷಿಕೆ ಪಟ್ಟಿ) ಬರುತ್ತಿದ್ದದ್ದೂ ಇವತ್ತೇ ಹೋಯಿತು. ಟ್ಯಾಬ್‌ಗೂ ಒಂದು ಹೆಡರ್, ಒಳಗಿನ ಸ್ಟ್ಯಾಕ್‌ಗೂ ಒಂದು. ಟ್ಯಾಬ್‌ನದ್ದನ್ನು ಹೆಡರ್‌ಶೋನ್ ಫಾಲ್ಸ್ ಮಾಡಿದರೆ ಮುಗಿಯಿತು.

ತೂಕದ ಚೀಟಿಯ ಫೋಟೊ ಪುಟದಲ್ಲಿ ಕೆಳಗಿನ ಟ್ಯಾಬ್ ಪಟ್ಟಿ ಕಾಣಬಾರದಿತ್ತು. ಅದನ್ನು ಸ್ಟೈಲ್‌ನಲ್ಲಿ ಮರೆಮಾಡುವ ಕೋಡ್ ಇತ್ತು, ಪುಟ ಬದಲಾಗುವಾಗ ಪಟ್ಟಿ ಒಮ್ಮೆ ಮಿನುಗಿ ಮಾಯ ಆಗುತ್ತಿತ್ತು, ನೋಡುವುದಕ್ಕೆ ಕಿರಿಕಿರಿ. ಆ ಪುಟವನ್ನೇ ಲೋಡ್ ಟ್ಯಾಬ್‌ನಿಂದ ಕಿತ್ತು ಹೊರಗಿನ ದೊಡ್ಡ ಸ್ಟ್ಯಾಕ್‌ಗೆ ಹಾಕಿದೆವು. ಈಗ ಅದು ಟ್ಯಾಬ್‌ಗಳ ಮೇಲೆ ಬಂದು ಕೂರುತ್ತದೆ, ಮರೆಮಾಡುವ ಪ್ರಶ್ನೆಯೇ ಇಲ್ಲ.

ಮಧ್ಯಾಹ್ನ ಊಟದ ಮೇಲೆ ಟೆಸ್ಟ್ ಫೋನಿನಲ್ಲಿ ಸಿಕ್ಕಿದ್ದು ಮಾತ್ರ ಎದೆ ಝಲ್ ಅನ್ನಿಸಿತು. ಹೊಸ ಲೋಡ್ ಬರೆದು ಸೇವ್ ಒತ್ತಿದರೆ ಕೋಡ್ ಲೋಡ್ ಪಟ್ಟಿಗೆ ನ್ಯಾವಿಗೇಟ್ ಮಾಡುತ್ತದೆ. 6ರಲ್ಲಿ ಆ ಪಟ್ಟಿ ಸ್ಟ್ಯಾಕ್‌ನಲ್ಲಿ ಹಿಂದೆ ಇದ್ದರೆ ಅಲ್ಲಿಗೇ ವಾಪಸ್ ಹೋಗುತ್ತಿತ್ತು, ನಡುವಿನ ಫಾರ್ಮ್ ಪುಟ ತೆಗೆದುಹೋಗುತ್ತಿತ್ತು. 7ರಲ್ಲಿ ಹಾಗಲ್ಲ, ಇನ್ನೊಂದು ಪಟ್ಟಿಯನ್ನು ಮೇಲೆ ಪೇರಿಸುತ್ತದೆ. ಈಗ ಬ್ಯಾಕ್ ಒತ್ತಿದರೆ ತುಂಬಿದ ಫಾರ್ಮ್ ಹಾಗೇ ಎದುರಿಗೆ ಬರುತ್ತದೆ, ರೈತನ ಹೆಸರು, ಟನ್, ದರ, ಎಲ್ಲಾ ಇದ್ದಂತೆಯೇ. ರಾತ್ರಿ ಕೊಪ್ಪರಿಗೆ ಮುಂದೆ ನಿದ್ದೆಗಣ್ಣಿನಲ್ಲಿರುವ ಮನುಷ್ಯ 'ಸೇವ್ ಆಗಿಲ್ಲವೇನೋ' ಅಂತ ಮತ್ತೆ ಒತ್ತಿದರೆ ಒಂದೇ ಲೋಡ್ ಎರಡು ಸಲ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಯಜಮಾನರಿಗೂ ರೈತನಿಗೂ ಜಗಳ. ಇದು ಬರೀ ಪುಟದ ವಿಷಯ ಅಲ್ಲ, ದುಡ್ಡಿನ ವಿಷಯ. ಅಲ್ಲಿ ನ್ಯಾವಿಗೇಟ್ ತೆಗೆದು ಪಾಪ್‌ಟು ಹಾಕಿದೆವು. ಅದು ಹಳೆಯ ಪಟ್ಟಿಗೆ ಹಿಂತಿರುಗಿ ಫಾರ್ಮನ್ನು ತೆಗೆದುಹಾಕುತ್ತದೆ. ನ್ಯಾವಿಗೇಟ್‌ಗೇ ಮೂರನೆಯದಾಗಿ ಪಾಪ್ ಟ್ರೂ ಅಂತ ಕೊಟ್ಟರೂ ಹಿಂದಿನ ಪುಟಕ್ಕೆ ಹೋಗುತ್ತದೆ, ನನಗೆ ಪಾಪ್‌ಟು ಓದುವುದಕ್ಕೆ ಸ್ಪಷ್ಟ ಅನ್ನಿಸಿತು. ಇಷ್ಟರ ಮೇಲೂ ಒಂದೇ ಲೋಡ್ ಎರಡು ಸಲ ಬರದಂತೆ ಸರ್ವರಿನಲ್ಲೂ ತಡೆ ಇರಬೇಕು, ಚೀಟಿ ನಂಬರ್ ನೋಡಿ. ಅದನ್ನು ಇವತ್ತೇ ಸೇರಿಸಿದೆ.

ಹಿಂದಿರುಗಿದ ಪಟ್ಟಿಯಲ್ಲಿ ಹೊಸ ಲೋಡ್ ಕಾಣಲಿಲ್ಲ ಅನ್ನುವುದು ಆಮೇಲೆ ಬಂದ ದೂರು. ಪುಟ ಸತ್ತು ಹುಟ್ಟಿಲ್ಲ, ಅಲ್ಲೇ ಇತ್ತು, ಆದ್ದರಿಂದ ಪಟ್ಟಿ ತರಲು ಮೊದಲ ಸಲ ಮಾತ್ರ ಓಡುವ ಯೂಸ್‌ಎಫೆಕ್ಟ್ ಕೋಡ್ ಮತ್ತೆ ಓಡುವುದಿಲ್ಲ. ಯೂಸ್‌ಫೋಕಸ್‌ಎಫೆಕ್ಟ್ ಹಾಕಿ, ಒಳಗಿನದನ್ನು ಯೂಸ್‌ಕಾಲ್‌ಬ್ಯಾಕ್‌ನಲ್ಲಿ ಸುತ್ತಿದರೆ ಪುಟ ಎದುರಿಗೆ ಬಂದಾಗಲೆಲ್ಲ ತಾಜಾ ಪಟ್ಟಿ ಬರುತ್ತದೆ.

ಇದನ್ನೆಲ್ಲ ಮಾಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಯಾವ ಪುಟ ಯಾವುದರ ಒಳಗೆ ಇರಬೇಕು ಅನ್ನುವುದನ್ನು ಫೋಲ್ಡರ್ ಚೆನ್ನಾಗಿ ಕಾಣಲಿ ಅಂತ ತೀರ್ಮಾನಿಸಬಾರದು. ಪ್ರತಿ ನ್ಯಾವಿಗೇಟರಿಗೂ ತನ್ನದೇ ಇತಿಹಾಸ, ತನ್ನದೇ ಪ್ಯಾರಮ್ಸ್, ತನ್ನದೇ ಆಪ್ಷನ್. ಬಳಸುವವರು ಇಲ್ಲಿ ಬ್ಯಾಕ್ ಒತ್ತಿದರೆ ಎಲ್ಲಿಗೆ ಹೋಗುತ್ತೇವೆ ಅಂದುಕೊಳ್ಳುತ್ತಾರೋ ಆ ಪುಟ ಅದೇ ಸ್ಟ್ಯಾಕ್‌ನಲ್ಲಿ ಕೆಳಗೆ ಇರಬೇಕು. ಪ್ರತಿ ಪುಟದ ಪಕ್ಕ ಬಾಣ ಹಾಕಿ ಇದನ್ನು ಹಾಳೆಯ ಮೇಲೆ ಬರೆದೆವು. ಬರೆಯುವಾಗಲೇ ಒಂದು ಟ್ಯಾಬ್ ಒಳಗಿನ ಒಂದು ಸ್ಟ್ಯಾಕ್ ಬೇಕಿಲ್ಲ ಅಂತ ಗೊತ್ತಾಯಿತು, ಮನೆ ಟ್ಯಾಬ್‌ದು. ಅದರಲ್ಲಿ ಇದ್ದದ್ದೇ ಒಂದು ಪುಟ. ತೆಗೆದೆವು.

ಇನ್ನು ಉಳಿದಿರುವುದು ನೋಟಿಫಿಕೇಷನ್. ಆ್ಯಪ್ ಪೂರ್ತಿ ಮುಚ್ಚಿರುವಾಗ 'ಬಾಕಿ ಪಾವತಿ ಆಗಿದೆ' ಅನ್ನುವ ಸೂಚನೆ ಒತ್ತಿದರೆ ಕಂಟೇನರ್ ತಯಾರಾಗುವ ಮುಂಚೆಯೇ ನ್ಯಾವಿಗೇಟ್ ಓಡಿ ಎರರ್ ಬರುತ್ತಿದೆ. ಕಂಟೇನರ್ ತಯಾರಿದೆಯೇ ಅಂತ ಅದರ ರೆಫ್‌ನ ಈಸ್‌ರೆಡಿ ನೋಡಿ, ಇಲ್ಲದಿದ್ದರೆ ಕೋರಿಕೆಯನ್ನು ಹಿಡಿದಿಟ್ಟು, ತಯಾರಾದಾಗ ಓಡುವ ಆನ್‌ರೆಡಿಯಲ್ಲಿ ಕಳಿಸಬೇಕು. ಎಸ್ಸೆಮ್ಮೆಸ್ ಲಿಂಕ್‌ನಿಂದ ಬರುವವರಿಗೂ ಪಟ್ಟಿ ಕೆಳಗಿರಬೇಕಾದರೆ ಯಾವ ಲಿಂಕ್ ಯಾವ ಪುಟಕ್ಕೆ ಅಂತ ಬರೆಯುವ ಲಿಂಕಿಂಗ್ ಕಾನ್ಫಿಗ್‌ನಲ್ಲಿ ಲೆಕ್ಕದ ಕೆಳಗೆ ಇನಿಶಿಯಲ್‌ರೂಟ್‌ನೇಮ್ (ತಳದ ಪುಟದ ಹೆಸರು) ಕೊಡಬೇಕು. ಇವೆರಡೂ ನಾಳೆ ಬೆಳಗ್ಗೆ. ಆಮೇಲೆ ಬಿಲ್ಡ್ ತೆಗೆದುಕೊಂಡು ನಾನೇ ಕೆರಗೋಡು ಕಡೆ ಹೋಗುತ್ತೇನೆ, ಯಜಮಾನರ ಫೋನಿನಲ್ಲೇ ಹಾಕಿ, ಲೆಕ್ಕದ ಟ್ಯಾಬ್ ಮುಟ್ಟದೆ ಮೊದಲು ರೈತನ ಹೆಸರು ಒತ್ತಿಸಿ ನೋಡಬೇಕು.